ಬಾರ್ನಬಿಯ ಕತ್ತು, ಗೋಡೆಯ ತೂತು

ಇಷ್ಟಕ್ಕೆಲ್ಲ ಕಾರಣ ಚರ್ಚಿನ ಉತ್ತರದ ಗೋಡೆಯಲ್ಲಿದ್ದ ಒಂದು ತೂತು. ಮುಷ್ಟಿ ತೂರುವಷ್ಟು ಅಗಲ, ಅಷ್ಟೇ. ನಾರ್ಫಕ್ ಸೀಮೆಯ ಗಾಳಿಗೆ ಅಷ್ಟು ಸಾಕು. ಅದು ಸಮುದ್ರದಿಂದ ಹೊರಟು, ಬೀಟ್‌ರೂಟ್ ಹೊಲಗಳನ್ನು ದಾಟಿ, ನೆಟ್ಟಗೆ ಬಂದು, ತೂತಿನ ಪಕ್ಕದ ಬೆಂಚಿನಲ್ಲಿ ಕೂರುವ ಬಾರ್ನಬಿ ಪಿಕ್‌ಸ್ಟಾಕನ ಕುತ್ತಿಗೆಗೆ ಬಡಿಯುತ್ತಿತ್ತು. ಹನ್ನೊಂದು ವರ್ಷದ ಭಾನುವಾರಗಳಲ್ಲಿ ಅವನ ಕತ್ತು ಬಲಕ್ಕೆ ವಾಲಿ ಹಾಗೇ ನಿಂತುಬಿಟ್ಟಿತ್ತು. ತಮ್ಮ ಉಪದೇಶವನ್ನು ಇಷ್ಟು ತಲೆ ವಾಲಿಸಿ ಕೇಳುವವನು ಇವನೊಬ್ಬನೇ ಎಂದು ಪಾದ್ರಿಗಳಿಗೆ ಸಂತೋಷ.

ಬೇರೆ ಕಡೆ ಕೂರಬಹುದಲ್ಲ ಎನ್ನುವವರಿಗೆ ಲಿಟ್ಲ್ ಸ್ಟೋಕ್‌ಬಿ ಎಂಬ ಈ ಊರು ಗೊತ್ತಿಲ್ಲ. ಅಲ್ಲಿ ಯಾವ ಬೆಂಚು ಯಾರದೆಂದು ಅಜ್ಜಂದಿರ ಕಾಲದಲ್ಲೇ ತೀರ್ಮಾನವಾಗಿದೆ. ಒಮ್ಮೆ ಬಾರ್ನಬಿ ಮುಂದಿನ ಬೆಂಚಿನಲ್ಲಿ ಕೂತದ್ದಕ್ಕೆ, ಅದರ ಒಡತಿ ಡಾರ್ಕಸ್ ಹಬಲ್ ಪ್ರಾರ್ಥನೆ ಮುಗಿಯುವ ತನಕ ಅವನ ಪಕ್ಕದಲ್ಲಿ ನಿಂತೇ ಇದ್ದಳು. ಆಮೇಲೆ ಅವನು ಆ ಕಡೆ ಸುಳಿದಿಲ್ಲ.

ತೂತು ಮುಚ್ಚೋಣವೆಂದರೆ, ಆರುನೂರು ವರ್ಷದ ಚರ್ಚಿನಲ್ಲಿ ಮೊಳೆ ಹೊಡೆಯಲೂ ಮೇಲಿನವರ ಅಪ್ಪಣೆ ಬೇಕು. ಅಂತೂ ಆ ಶನಿವಾರ ಹಳೇ ಕಟ್ಟಡಗಳ ತಜ್ಞೆ ಡಾಕ್ಟರ್ ಫಿಲಿಪಾ ಗ್ರೀವ್ ಬಂದರು. ತೂತು ಪ್ರಾಚೀನದ್ದಾದರೆ ಮುಟ್ಟುವಂತಿಲ್ಲ, ಈಚಿನದಾದರೆ ಮುಚ್ಚಬಹುದು. ಬಾರ್ನಬಿ ಗಾರೆ ಕಲಸಿಟ್ಟುಕೊಂಡೇ ಕಾದಿದ್ದ.

ಊರವರು ಸುಮ್ಮನಿರಬೇಕಲ್ಲ.

"ಅದು ಕುಷ್ಠರೋಗಿಗಳ ಕಿಂಡಿ ಮೇಡಂ," ಎಂದಳು ಹೂವು ಜೋಡಿಸುವ ನೆಪದಲ್ಲಿ ಬಂದಿದ್ದ ಡಾರ್ಕಸ್. "ಪಾಪ, ಒಳಗೆ ಬಿಡ್ತಿರ್ಲಿಲ್ವಲ್ಲ, ಹೊರಗಿಂದ ಪೂಜೆ ನೋಡೋರು."

"ಸುಮ್ನಿರಮ್ಮ," ಎಂದ ಗಂಟೆ ಹೊಡೆಯುವ ಇಜಾಕ್ ಟಕ್. "ಗಂಟೆಯೋನು ಇದರಲ್ಲಿ ಇಣುಕಿ, ಹೊತ್ತು ನೋಡ್ಕೊಂಡು ಹಗ್ಗ ಎಳೀತಿದ್ದ."

"ಗಂಟೆಗೋಪುರ ಆ ತುದೀಲಿದೆ. ಅವನ ಕೈ ಎಷ್ಟುದ್ದ ಇತ್ತಪ್ಪ?" ಎಂದಳು ಡಾರ್ಕಸ್.

ಇಬ್ಬರೂ ಸೇರಿ ತೂತಿನ ವಯಸ್ಸು ಏರಿಸುತ್ತಲೇ ಹೋದರು. ಬಾರ್ನಬಿಗೆ ಜೀವ ಹೋದಂತಾಯಿತು. ಡಾಕ್ಟರ್ ಮಾತ್ರ ತೂತಿನೊಳಗೆ ಕೈ ಹಾಕಿ ಬೆರಳು ನೋಡಿಕೊಂಡರು. ಕಪ್ಪಗಿತ್ತು.

"ಮಸಿ. ಇಲ್ಲಿ ಒಲೆ ಏನಾದ್ರೂ ಇತ್ತಾ?"

"ಇತ್ತಂತೆ ಮೇಡಂ," ಬಾರ್ನಬಿ ಹಿಗ್ಗಿದ. "ನಮ್ಮಜ್ಜ ಇಡಿಸಿದ್ರಂತೆ. ಈ ಬೆಂಚಲ್ಲಿ ಚಳಿ ತಡ್ಕೊಳ್ಳೋಕಾಗ್ತಿರ್ಲಿಲ್ವಂತೆ."

"ಹಾಗಾದ್ರೆ ಇದು ಹೊಗೆಕೊಳವೇದು. ನೂರು ವರ್ಷಾನೂ ಆಗಿಲ್ಲ. ಮುಚ್ಚಿಬಿಡಿ."

ಬಾರ್ನಬಿ ಕರಣೆಗೆ ಕೈ ಹಾಕುವಷ್ಟರಲ್ಲಿ ಡಾಕ್ಟರ್ ಹುಬ್ಬು ಗಂಟಿಕ್ಕಿದರು. "ಒಂದ್ನಿಮಿಷ. ನಿಮ್ಮಜ್ಜ ಒಲೆ ಇಡ್ಸೋಕೆ ಮುಂಚೆ ಈ ತೂತೇ ಇರ್ಲಿಲ್ಲ. ಮತ್ತೆ ಚಳಿ ಎಲ್ಲಿಂದ ಬರ್ತಿತ್ತು?"

ಅವರು ಗೋಡೆ ತಟ್ಟಿದರು. ಟೊಳ್ಳು ಸದ್ದು. ಮತ್ತೆ ತಟ್ಟಿದರು. ಬಾಗಿಲಗಲದ ಹಳೇ ಗಾರೆ ಹಪ್ಪಳದ ಹಾಗೆ ಕಳಚಿ ಬಾರ್ನಬಿಯ ಬೂಟಿನ ಮೇಲೆ ಬಿತ್ತು. ಒಳಗೆ ಕಲ್ಲಿನ ಕಮಾನು. ಅದರ ಎರಡು ತುದಿಯಲ್ಲಿ ನಾಲಿಗೆ ಚಾಚಿದ ಎರಡು ಮುಖಗಳು. ಕಮಾನಿನ ಕೆಳಗೆ ಸಡಿಲ ಕಲ್ಲು ತುಂಬಿದ್ದರು; ಅಜ್ಜನ ಚಳಿ ಅದರ ಸಂದುಗಳಿಂದಲೇ ಬರುತ್ತಿದ್ದದ್ದು.

"ದೆವ್ವದ ಬಾಗಿಲು," ಡಾರ್ಕಸ್ ಪಿಸುಗುಟ್ಟಿದಳು. "ಮಗೂಗೆ ದೀಕ್ಷಾಸ್ನಾನ ಮಾಡ್ಸೋವಾಗ ದೆವ್ವ ಹೊರಗೆ ಹೋಗ್ಲಿ ಅಂತ ತೆರೀತಿದ್ರಂತಲ್ಲ, ಅದು."

"ಅದೇನೋ ಗೊತ್ತಿಲ್ಲ, ಕಲ್ಲು ಮಾತ್ರ ಆರುನೂರು ವರ್ಷದ್ದು," ಎಂದರು ಡಾಕ್ಟರ್, ಕಣ್ಣಲ್ಲಿ ನೀರು ತುಂಬಿಕೊಂಡು. "ಇದನ್ನ ತೆರೀಲೇಬೇಕು."

ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷಿಯಲ್ಲಿ ಎಂದಂತಾಯಿತು. ಬಾರ್ನಬಿ ಅಳುವ ದನಿಯಲ್ಲಿ ಕೇಳಿದ: "ನನ್ನ ಬೆಂಚನ್ನಾದ್ರೂ ಆಚೆ ಸರಿಸ್ಬಹುದಾ?"

ಡಾಕ್ಟರ್ ಬಗ್ಗಿ ಬೆಂಚಿನ ತುದಿಯ ಕೆತ್ತನೆ ಸವರಿದರು. "ಅಯ್ಯೋ, ಇದೂ ಐನೂರು ವರ್ಷದ್ದು ಕಣ್ರೀ. ಒಂದಂಗುಲಾನೂ ಅಲ್ಲಾಡಿಸ್ಬೇಡಿ."

ಮುಂದಿನ ಚಳಿಗಾಲಕ್ಕೆ ಆ ತೂತು ಇರಲಿಲ್ಲ. ತೂತಿದ್ದ ಜಾಗದಲ್ಲಿ ಏಳಡಿಯ ಬಾಗಿಲಿತ್ತು. ಕೆತ್ತನೆ ಹೊರಗಿನವರಿಗೂ ಕಾಣಲೆಂದು ಅದಕ್ಕೆ ಹಲಗೆ ಹಾಕದೆ ಕಬ್ಬಿಣದ ಜಾಲರಿ ಹಾಕಿದ್ದರು. ಪಾದ್ರಿಗಳಿಗೆ ಸಂತೋಷವೋ ಸಂತೋಷ: ಬಾರ್ನಬಿ ಈಗ ಕತ್ತೊಂದೇ ಅಲ್ಲ, ಇಡೀ ಮೈಯನ್ನೇ ವಾಲಿಸಿ ಉಪದೇಶ ಕೇಳುತ್ತಾನೆ.