ಬಲಕ್ಕೆ ಮಿಟುಕುವ ಕಾರು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ನನಗೆ ಚೀಲವನ್ನು ನೆಲದ ಮೇಲೆ ಇಡಲಾಗುವುದಿಲ್ಲ. ನೆಲಕ್ಕಿಟ್ಟರೆ ಕೊತ್ತಂಬರಿ ಬಾಡುತ್ತದೆ, ಮೊಸರಿನ ಪೊಟ್ಟಣ ಒಡೆಯುತ್ತದೆ, ಇರುವೆ ಹತ್ತುತ್ತದೆ ಎಂದೆಲ್ಲ ಕಾರಣ ಕೊಡಬಲ್ಲೆ. ನಿಜವೆಂದರೆ, ಎಲ್ಲಿಯಾದರೂ ಏನಾದರೂ ಒಂದು ಗೇಣು ಹೊರಗೆ ಚಾಚಿಕೊಂಡಿದ್ದು ಕಂಡರೆ ನನ್ನ ಕೈ ತಾನಾಗಿಯೇ ಅದಕ್ಕೊಂದು ಚೀಲ ಸಿಕ್ಕಿಸಿಬಿಡುತ್ತದೆ. ಬಾಗಿಲ ಚಿಲಕ, ಕಿಟಕಿಯ ಕೊಂಡಿ, ಕುರ್ಚಿಯ ಬೆನ್ನು, ಯಾವುದಾದರೂ ಸರಿ. ಒಮ್ಮೆ ಮನೆಗೆ ಬಂದ ಹಿರಿಯ ನೆಂಟರೊಬ್ಬರ ಊರುಗೋಲಿಗೂ ಸಿಕ್ಕಿಸಿದ್ದೆ. ಪಾಪ, ಅವರು ಅದನ್ನು ಹಿಡಿದುಕೊಂಡೇ ಕೂತಿದ್ದರು.

ಈ ಕೈಚಳಕ ಕಾರಿನವರೆಗೂ ಬಂದದ್ದು ಹೇಗೆಂದು ಹೇಳಬೇಕಾದರೆ ನನ್ನ ಡ್ರೈವಿಂಗ್ ಕಥೆ ಹೇಳಬೇಕು. ಹೈದರಾಬಾದಿನ ನಮ್ಮ ಓಣಿಯಲ್ಲಿ ಆಗ ತಿಂಗಳಿಗೊಂದು ಹೊಸ ಕಾರು ಬರುತ್ತಿತ್ತು. ಮೇಲಿನ ಮನೆಗೆ ಬಾಡಿಗೆಗೆ ಬಂದ ಸಾಫ್ಟ್‌ವೇರ್ ಹುಡುಗಿ ಹೈಟೆಕ್ ಸಿಟಿಯ ಕೆಲಸಕ್ಕೆ ತಾನೇ ಕಾರು ಓಡಿಸಿಕೊಂಡು ಹೋಗುತ್ತಿದ್ದಳು. ದೂರದಿಂದಲೇ ಕೀಲಿ ಒತ್ತಿದರೆ ಅವಳ ಕಾರು ಸಾಕಿದ ಬೆಕ್ಕಿನ ಹಾಗೆ ಕುಂಯ್ ಎನ್ನುತ್ತಿತ್ತು. ನಮ್ಮದು ಮೂರನೆಯ ಕೈಗೆ ಬಂದ ಕಾರು, ಹತ್ತಿರ ಹೋಗಿ ಅಲುಗಿಸಿದರೂ ಉಸಿರೆತ್ತದು. ಆದರೂ ನನಗೆ ಆಸೆ ಹುಟ್ಟಿತು. ಲೈಸೆನ್ಸ್ ಬಂತು. ಒಂದೇ ಒಂದು ಭಾನುವಾರ, ಪಕ್ಕದಲ್ಲಿ ಯಾರೂ ಇಲ್ಲದೆ, ನಾನೇ ಕಾರು ಓಡಿಸಿಕೊಂಡು ಅಬಿಡ್ಸ್‌ಗೆ ಹೋಗಬೇಕು, ಫುಟ್‌ಪಾತಿನ ಹಳೆಯ ಪುಸ್ತಕಗಳ ಮುಂದೆ ಮನಸ್ಸಿಗೆ ಬಂದಷ್ಟು ಹೊತ್ತು ಕೂತು ಬರಬೇಕು. ಅಷ್ಟೇ. ನಮ್ಮ ಮನೆಯವರ ಜೊತೆ ಹೋದರೆ ಎರಡನೆಯ ಪುಸ್ತಕ ಕೈಗೆತ್ತಿಕೊಳ್ಳುವಷ್ಟರಲ್ಲಿ ಗಡಿಯಾರ ನೋಡುತ್ತಾರೆ.

ಇವರು ಧಾರವಾಡದವರು. ಕುಷಾಯಿಗೂಡದ ಕಡೆ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ತಪಾಸಣೆ ವಿಭಾಗದ ಇಂಜಿನಿಯರು. ಯಾವ ವಸ್ತುವೂ ಹತ್ತು ಪರೀಕ್ಷೆ ಪಾಸಾಗದೆ ಇವರ ಕೈಯಿಂದ ಹೊರಗೆ ಹೋಗುವುದಿಲ್ಲ, ಹೆಂಡತಿಯೂ. "ಹತ್ತು ಸಲ ನಾ ಬಾಜೂಕ ಕೂಡ್ತೀನಿ. ಪಾಸಾದ ಮ್ಯಾಲೆ ಕೀಲಿ ನಿಂದು," ಎಂದಿದ್ದರು. ಎಂಟು ಸಲ ಪಾಸಾಗಿದ್ದೆ. ಒಂಬತ್ತನೆಯ ಸಲ ತರಕಾರಿ ಮಾರ್ಕೆಟ್ಟಿನ ಮುಂದೆ ಕಾರು ನಿಲ್ಲಿಸಿ, ಚೀಲ ತುಂಬಿಕೊಂಡು ಬಂದು ಡ್ರೈವರ್ ಸೀಟಿನಲ್ಲಿ ಕೂತೆ. ಇವರು ಬಾಳೆಹಣ್ಣಿನ ಬಂಡಿಯ ಹತ್ತಿರ ಹಣ್ಣಿನ ಮೈದಡವಿ ತಪಾಸಣೆ ನಡೆಸಿದ್ದರು. ಕಾಲ ಬಳಿ ಕ್ಲಚ್ಚು, ಬ್ರೇಕು. ಪಕ್ಕದ ಸೀಟಿನ ಮೇಲೆ ಮೊಟ್ಟೆ. ಸ್ಟೀರಿಂಗಿನ ಬಲಗಡೆ, ಆಹಾ, ಒಂದು ಗೇಣಿನ ಕರಿಯ ಕಡ್ಡಿ, ನನಗಾಗಿಯೇ ಚಾಚಿಕೊಂಡಿದೆ! ಎರಡು ಕಿಲೋ ಬದನೆಕಾಯಿ, ಒಂದು ತೆಂಗಿನಕಾಯಿ, ಒಂದು ಎಳೆಯ ಕುಂಬಳಕಾಯಿ ಇದ್ದ ಚೀಲ ಅದಕ್ಕೆ ತೂಗಿಬಿತ್ತು. ಕಟಕ್ ಎಂದಿತು.

ಅದು ಇಂಡಿಕೇಟರಿನ ಕಡ್ಡಿ. ಅಂದಿನಿಂದ ಅದು ತಾನಾಗಿಯೇ ಕೆಳಗೆ ಜೋತುಬಿದ್ದು ಕಾರು ಹಗಲಿಡೀ ಬಲಕ್ಕೆ ಮಿಟುಕತೊಡಗಿತು.

"ಏನಾತು ಇದಕ್ಕ? ನೀ ಏನರ ಮುಟ್ಟಿದೇನು?" ಎಂದು ಇವರು ಕೇಳಿದರು. ಅಷ್ಟರಲ್ಲಿ ಚೀಲ ನನ್ನ ತೊಡೆಯ ಮೇಲಿತ್ತು.

"ನಾ ಯಾಕ ಮುಟ್ಟಲಿ? ಸುಮ್ನ ಕೂತಿದ್ದೆರಿ," ಎಂದೆ. ಸುಳ್ಳಲ್ಲ, ಮುಟ್ಟಿದ್ದು ಚೀಲ. ಬೆಳಗಾವಿಯ ಕಾನ್ವೆಂಟಿನಲ್ಲಿ ಮಾರಲ್ ಸೈನ್ಸ್ ಪಾಠ ಮಾಡುತ್ತಿದ್ದ ಸಿಸ್ಟರ್, ತಪ್ಪನ್ನು ಯಾರೂ ಕೇಳುವ ಮೊದಲೇ ಒಪ್ಪಿಕೊಳ್ಳಬೇಕು ಎನ್ನುತ್ತಿದ್ದರು. ಇವರು ಆಗಲೇ ಕೇಳಿಬಿಟ್ಟಿದ್ದರಲ್ಲ, ಇನ್ನು ಆ ನಿಯಮ ಅನ್ವಯಿಸುವುದಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಹೇಳಿದ್ದರೆ ಒಂಬತ್ತನೆಯ ಪರೀಕ್ಷೆ ಮಾತ್ರವಲ್ಲ, ಹಿಂದಿನ ಎಂಟೂ ರದ್ದಾಗುತ್ತಿದ್ದವು. ಕೀಲಿಯ ಆಸೆ ಬಿಡಬೇಕಾಗುತ್ತಿತ್ತು.

ಮುಂದಿನ ಎರಡು ವಾರ ನಾನು ಡ್ರೈವರಲ್ಲ, ಇಂಡಿಕೇಟರು. ನನ್ನ ಜಡೆಯ ರಬ್ಬರ್ ಬ್ಯಾಂಡಿನಿಂದ ಕಡ್ಡಿಯನ್ನು ಮೇಲೆತ್ತಿ ಕಟ್ಟಿ ಇವರು ಕಾರು ಓಡಿಸುವುದು, ಎಡಕ್ಕೆ ತಿರುಗುವಾಗ ಎಡಗಡೆ ಕೂತ ನಾನು ಕಿಟಕಿಯಿಂದ ಕೈ ಚಾಚುವುದು. ಹೈದರಾಬಾದಿನಲ್ಲಿ ಇಂಡಿಕೇಟರನ್ನು ಯಾರೂ ನಂಬುವುದಿಲ್ಲ, ಆದರೆ ಬಳೆ ತೊಟ್ಟ ಕೈಗೆ ಬಹಳ ಮರ್ಯಾದೆ ಇದೆ. ಉಪ್ಪಲ್ ರಿಂಗ್ ರೋಡಿನಲ್ಲಿ ನಾನು ಕೈ ಚಾಚಿದಾಗ ಖಾಲಿ ಆಟೋದವನೊಬ್ಬ ಪಕ್ಕಕ್ಕೆ ಬಂದು, "ಎಕ್ಕಡಿಕಮ್ಮಾ?" ಎಂದು ತೆಲುಗಿನಲ್ಲಿ ಎಲ್ಲಿಗೆಂದು ವಿಚಾರಿಸಿದ. ಕಾರಿನಲ್ಲಿ ಕೂತವಳಿಗೂ ಆಟೋ ಬೇಕಾಗಬಹುದು ಎಂದು ಅವನಿಗೆ ಅನ್ನಿಸಿದ್ದರೆ ಅದು ನಮ್ಮ ಕಾರಿನ ರೂಪಕ್ಕೆ ಸಂದ ಗೌರವ. ಬಸ್ ಸ್ಟಾಪಿನಲ್ಲಿ ನಿಂತ ಗುರುತಿಲ್ಲದ ಅಜ್ಜಿಯೊಬ್ಬಳು ನಕ್ಕು ತಾನೂ ಕೈ ಬೀಸಿದಳು.

ಹೊಸ ಕಡ್ಡಿ ಹಾಕಿಸಬಹುದಲ್ಲ ಎಂದು ನೀವು ಕೇಳುತ್ತೀರಿ. ಇವರ ಕಾರ್ಖಾನೆಯ ಪದ್ಧತಿ ನಿಮಗೆ ಗೊತ್ತಿಲ್ಲ. ಮುರಿದದ್ದು ಯಾಕೆ ಮುರಿಯಿತು ಎಂದು ತೀರ್ಮಾನವಾಗದೆ ಅಲ್ಲಿ ಏನನ್ನೂ ಬದಲಾಯಿಸುವಂತಿಲ್ಲ. ಪ್ಲಾಸ್ಟಿಕ್ಕಿನ ದೋಷವೇ ಕಾರಣವೆಂದು ಇವರು ಸಂಶಯಪಟ್ಟು ಕಾರಿನ ಕಂಪನಿಗೆ ಮೂರು ಪುಟದ ಇಂಗ್ಲಿಷ್ ಪತ್ರ ಬರೆದರು. ಬರೆದು, ತಿದ್ದಲು ನನಗೇ ಕೊಟ್ಟರು! "ನೀ ಕಾನ್ವೆಂಟಿನಾಕಿ. ಕಡಕ್ ಆಗಬೇಕು ನೋಡು, ಅವರಿಗೆ ನಾಚಿಕಿ ಬರೂಹಂಗ." ಎರಡನೆಯ ಪುಟದಲ್ಲಿ, 'ಅತ್ಯಂತ ಜತನದಿಂದ ಬಳಸಿದ್ದಾಗ್ಯೂ' ಎಂಬರ್ಥದ ಒಂದು ಸಾಲು ನನ್ನನ್ನೇ ದಿಟ್ಟಿಸುತ್ತಿತ್ತು. "ಈ 'ಅತ್ಯಂತ' ಬ್ಯಾಡ್ರಿ, ಛಂದ ಕಾಣಂಗಿಲ್ಲ," ಎಂದು ಹೊಡೆದುಹಾಕಿದೆ. ಮರುದಿನ 'ಜತನ'ವನ್ನೂ ತೆಗೆದೆ. ಮೂರನೆಯ ಪ್ರತಿಯಲ್ಲಿ ಬರೀ 'ಬಳಸಿದಾಗ' ಉಳಿಯಿತು. ಆಗ ನನಗೆ ಕೊಂಚ ಊಟ ಸೇರಿತು.

ಪತ್ರಕ್ಕೆ ಮುರಿದ ಜಾಗದ ಚಿತ್ರವನ್ನು ಬರೆದು ಲಗತ್ತಿಸಬೇಕಾಗಿತ್ತು. ಹೀಗಾಗಿ ಭಾನುವಾರ ಬೆಳಿಗ್ಗೆ ಇವರ ಸಹೋದ್ಯೋಗಿ ದೇಶಪಾಂಡೆಯವರು ಸ್ಕ್ರೂಡ್ರೈವರ್ ಸಮೇತ ಬಂದರು. ಇಬ್ಬರು ಇಂಜಿನಿಯರುಗಳು, ಎರಡು ಸುತ್ತು ಚಹಾ, ಒಂದು ಡಬರಿ ತುಂಬ ಒಗ್ಗರಣೆ ಅವಲಕ್ಕಿ. ಸ್ಟೀರಿಂಗ್ ಚಕ್ರವನ್ನು ಕಿತ್ತು ನಮ್ಮ ತುಳಸಿ ಕಟ್ಟೆಯ ಮೇಲೆ ಇಟ್ಟರು. ಮಧ್ಯಾಹ್ನದ ಹೊತ್ತಿಗೆ ಚಿತ್ರ ಬಹಳ ಸುಂದರವಾಗಿ ಬಂದಿತ್ತು. ಚಕ್ರವನ್ನು ಮಾತ್ರ ವಾಪಸು ಕೂಡಿಸಿದಾಗ ಅದು ಓರೆಯಾಯಿತು. ಕಾರು ನೇರವಾಗಿ ಹೋಗಬೇಕಾದರೆ ಚಕ್ರವನ್ನು ಎಡಕ್ಕೆ ವಾಲಿಸಿ ಹಿಡಿಯಬೇಕು.

"ಅದೇನ್ ದೊಡ್ಡದಲ್ಲ ವೈನಿ, ರೂಢಿ ಆಗತೈತಿ," ಎಂದರು ದೇಶಪಾಂಡೆಯವರು, ಅವಲಕ್ಕಿಯ ಶೇಂಗಾ ಆರಿಸುತ್ತ. ಆದರೆ ಹಾರ್ನ್ ಕೂಡ ಹೋಗಿತ್ತು. ಈ ಊರಿನಲ್ಲಿ ಇಂಡಿಕೇಟರ್ ಇಲ್ಲದೆ ಎರಡು ವಾರ ಬದುಕಬಹುದು. ಹಾರ್ನ್ ಇಲ್ಲದೆ ಓಣಿ ದಾಟಲಾಗದು. ಇವರು ಸೋತು ಉಪ್ಪಲ್‌ನ ಖಾಜಾ ಮಿಯಾನ ಗ್ಯಾರೇಜಿಗೆ ಹೊರಟರು. ಎಡಕ್ಕೆ ಕೈ ತೋರಿಸಲು ನಾನೂ ಹೊರಟೆ.

ಖಾಜಾ ಮಿಯಾ ಹುಮನಾಬಾದಿನ ಕಡೆಯವನು, ಮೀಸೆ ಬಿಳಿಯಾದ ಮನುಷ್ಯ. ಓರೆ ಚಕ್ರ ನೋಡಿಯೇ ಅವನಿಗೆ ನಗು ಬಂತು. "ಯಾರ್ ಬಿಚ್ಚಿದ್ರೀ ಸಾಬ್ ಇದನ್ನ? ಬಿಚ್ಚೂಕಿಂತ ಮೊದಲ ಒಂದ್ ಗೀಟ್ ಹಾಕ್ಕೋಬೇಕು. ಇಲ್ಲಾಂದ್ರ ಹಿಂಗ ಸೊಟ್ಟ ಕುಂದರತೈತಿ." ಬ್ಯಾಟರಿಯ ತಂತಿ ಕಳಚಿ, ನಟ್ಟು ಸಡಿಲಿಸಿ, ಎರಡು ಏಟಿಗೆ ಚಕ್ರವನ್ನು ಕೈಗೆ ತೆಗೆದುಕೊಂಡ. "ಬರೀ ಕಡ್ಡಿ ಬರಂಗಿಲ್ರಿ. ಇಂಡಿಕೇಟರು, ಲೈಟು, ವೈಪರು ಎಲ್ಲಾ ಕೂಡಿ ಒಂದ ಕಾಂಬಿನೇಷನ್ ಸ್ವಿಚ್. ಪೂರಾ ಬದಲ್ ಆಗಬೇಕು. ಈಗಿನ ಸಾಫ್ಟ್‌ವೇರ್ ಮಂದಿ ಕಡ್ಡಿ ಮುರಿದ್ರ ಕಾರನ ಬದಲ್ ಮಾಡ್ತಾರ್ ಬಿಡ್ರಿ."

ಹಳೆಯ ಸ್ವಿಚ್ಚನ್ನು ಬಿಸಿಲಿಗೆ ಹಿಡಿದು ಕಣ್ಣು ಕಿರಿದು ಮಾಡಿ ನೋಡಿದ.

"ಪ್ಲಾಸ್ಟಿಕ್ ದೋಷ, ಹೌದಲ್ಲೋ?" ಎಂದರು ಇವರು, ಪತ್ರ ಮತ್ತು ಚಿತ್ರ ಎರಡೂ ಜೇಬಿನಲ್ಲಿದ್ದ ಧೈರ್ಯದಿಂದ.

"ದೋಷ ಎಲ್ಲೀದು ಸಾಬ್! ಇದು ತಾನಾಗಿ ಮುರಿದಿದ್ದಲ್ಲ. ಇದಕ್ಕ ಯಾರೋ ವಜ್ಜಿದ್ದು ತೂಗಹಾಕ್ಯಾರ. ನೋಡ್ರಿಲ್ಲಿ, ಚೀಲದ ಹಿಡಿಕಿ ಕೊರದ ಗುರುತೈತಿ."

ಇಬ್ಬರೂ ನನ್ನ ಕಡೆ ನೋಡಿದಂತಾಯಿತು. ಮುಗಿಯಿತು ಎಂದುಕೊಂಡೆ. ಅಬಿಡ್ಸ್ ಹೋಯಿತು, ಪುಸ್ತಕ ಹೋದವು. ಈಗಲಾದರೂ ಹೇಳಿಬಿಡೋಣ ಎಂದು ಬಾಯಿ ತೆರೆದೆ. "ರೀ, ಅದು..."

"ನನಗ ಗೊತ್ತಾತು, ನೀ ಹೇಳಬ್ಯಾಡ," ಎಂದರು ಇವರು. ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. "ದಿನಾ ಹಾಕ್ತಿದ್ದಿಲ್ಲ. ಸಾರು ಚೆಲ್ಲತೈತಿ ಅಂತ... ಸಾರು ಕೊಟ್ಟ ದಿವಸ ಅಷ್ಟ, ಡಬ್ಬಿ ಚೀಲ ಅಲ್ಲಿ ಸಿಗಿಸ್ತಿದ್ದೆ."

ಕಾರ್ಖಾನೆಗೆ ಊಟ ಒಯ್ಯುವ ಮೂರು ಖಾನೆಯ ಸ್ಟೀಲ್ ಡಬ್ಬಿ! ನಾನು ವಾರಕ್ಕೆ ನಾಲ್ಕು ದಿನ ಸಾರು ಕೊಡುತ್ತೇನೆ. ತೆರೆದ ಬಾಯಿಯನ್ನು ಮುಚ್ಚಿದೆ. ಆ ಕ್ಷಣದಲ್ಲಿ ಸಿಸ್ಟರ್ ಎದುರಿಗೆ ಬಂದು ನಿಂತಿದ್ದರೂ ಮುಚ್ಚಿಯೇ ಇರುತ್ತಿದ್ದೆ. ಆಮೇಲೆ ನನಗೇ ಕೇಳಿಸದಷ್ಟು ಮೆಲ್ಲಗೆ, "ಹೋಗ್ಲಿ ಬಿಡ್ರಿ, ಆಗತೈತಿ," ಎಂದೆ.

ಇವರು ಜೇಬಿನಿಂದ ಪತ್ರ ತೆಗೆದು ನಾಲ್ಕಾಗಿ ಹರಿದರು. ಖಾಜಾ ಮಿಯಾ ಹೊಸ ಸ್ವಿಚ್ ಕೂಡಿಸಿ ಚಕ್ರವನ್ನು ನೆಟ್ಟಗೆ ಮಾಡಿ ಕೀಲಿ ಕೊಟ್ಟಾಗ ಇವರು ಅದನ್ನು ತಾವು ಇಟ್ಟುಕೊಳ್ಳದೆ ನನ್ನ ಅಂಗೈಯಲ್ಲಿಟ್ಟರು. "ಹತ್ತನೇದ್ದು ಬ್ಯಾಡ. ನೀನ ಓಡಸು," ಎಂದರು. ಎಡಕ್ಕೆ ತಿರುಗುವಾಗ ಕಡ್ಡಿ ಮುಟ್ಟಿದೆ, ಎಡಕ್ಕೇ ಮಿಟುಕಿತು. ಎರಡು ವಾರ ನನ್ನನ್ನು ನೋಡಿದ ಅಭ್ಯಾಸಕ್ಕೆ, ಎಡಗಡೆ ಕೂತ ಇವರೂ ಕಿಟಕಿಯಿಂದ ಕೈ ಚಾಚಿದರು.

ಮರುವಾರ ನಾನೊಬ್ಬಳೇ ಅಬಿಡ್ಸ್‌ಗೆ ಹೋಗಿ ಹದಿಮೂರು ಪುಸ್ತಕ ತಂದೆ. ಮನೆಗೆ ಬಂದರೆ ದೇಶಪಾಂಡೆಯವರು ಕೂತಿದ್ದರು. ಇವರು ಎಲ್ಲವನ್ನೂ ಅವರಿಗೆ ಹೇಳಿಕೊಂಡಿದ್ದರು. "ಭಾಳ ದೊಡ್ಡ ಮನಸ್ಸು ವೈನಿ ನಿಮ್ದು," ಎಂದು ಅವರು ಎದ್ದೇ ನಿಂತರು. "ನಮ್ಮನಿಯಾಕಿ ಆಗಿದ್ರ ಇಷ್ಟೊತ್ತಿಗೆ ನನ್ನ ಹರಾಜ್ ಹಾಕಿರ್ತಿದ್ಲು. ನೀವು ಒಂದ್ ಮಾತು ಆಡಲಿಲ್ಲಂತ!"

ನಾನು ಕಣ್ಣು ತಗ್ಗಿಸಿದೆ. ಪಾಪ, ಇಬ್ಬರೂ ಅದನ್ನು ವಿನಯ ಎಂದುಕೊಂಡರು.