ಒಲೆಗೆ ಬಂದ ಮುಪ್ಪು

ಮಡಚಿ ಚೀಲದೊಳಗೆ ತುರುಕಿ ಬೆಟ್ಟಗುಡ್ಡಕ್ಕೆ ಹೊತ್ತೊಯ್ಯುವ ಪುಟ್ಟ ಗ್ಯಾಸ್ ಒಲೆಯೊಂದು, ಇಡೀ ಒಂದು ಕಟ್ಟಡದ ಜನರನ್ನು ಒಂದೇ ದಿನದಲ್ಲಿ ಹಣ್ಣುಗಾಯಿ ಮಾಡಿದ್ದನ್ನು ಲೋಕ ಇನ್ನೂ ಕೇಳಿಲ್ಲ. ಯುದ್ಧಗಳ ಚರಿತ್ರೆ ಬರೆಯುವವರಿಗೆ ಇಂಥದ್ದೆಲ್ಲ ಕಣ್ಣಿಗೆ ಬೀಳುವುದಿಲ್ಲ. ಒಲೆ ಅಂಗೈಯಗಲ, ಅದು ತಂದಿಟ್ಟ ಪಜೀತಿ ಆಕಾಶದಗಲ.

ಒಲೆ ಕನ್ನಡಕದಂಗಡಿಯವನದಲ್ಲ. ಅವನ ಭಾವನದು, ಅಂದರೆ ಹೆಂಡತಿಯ ಅಣ್ಣನದು. ಮನೆಯ ಸಿಲಿಂಡರ್ ಮುಗಿದು ಹೊಸದು ಬರುವುದು ತಡವಾದ್ದರಿಂದ, ಹಿಂದಿನ ಸಂಜೆ ಹೋಗಿ ಕೇಳಿ ತಂದಿದ್ದ. ತರುವಾಗ ಮೆಟ್ಟಿಲ ಮೇಲೆ ಕೈ ಜಾರಿತು. ಒಲೆ ಒಂದೊಂದು ಮೆಟ್ಟಿಲನ್ನೂ ಮಾತಾಡಿಸಿಕೊಂಡು ಕೆಳಗಿಳಿದು, ಗೇಟಿನ ಹತ್ತಿರ ಹೋಗಿ ಸುಧಾರಿಸಿಕೊಂಡಿತು. ಬೆಳಿಗ್ಗೆ ಚಹಾಕ್ಕೆ ನೀರಿಟ್ಟು ಗುಂಡಿ ತಿರುಗಿಸಿದರೆ, ಟಕ್. ಮತ್ತೆ ತಿರುಗಿಸಿದರೆ, ಟಕ್ ಟಕ್. ಕಿಡಿ ಬಂತು, ಉರಿ ಬರಲಿಲ್ಲ. ಗ್ಯಾಸ್ ಡಬ್ಬಿ ತುಂಬಿದ್ದರೂ ಬುಸ್ಸೆನ್ನುವ ಸದ್ದೂ ಇಲ್ಲ.

ಅಷ್ಟರಲ್ಲಿ ಹೆಂಡತಿ ಫೋನ್ ಹಿಡಿದುಕೊಂಡೇ ಅಡುಗೆಮನೆಗೆ ಬಂದಳು. "ರೀ, ಅತ್ತಿಗೆ ಫೋನ್ ಮಾಡಿದ್ರು. ನಾಳೆ ಬೆಳಿಗ್ಗೆ ಅವರೆಲ್ಲ ಬೆಟ್ಟಕ್ಕೆ ಹೋಗ್ತಾರಂತೆ, ಡೇರೆ ಹಾಕ್ಕೊಂಡು ಇರೋಕೆ. ಸಂಜೆಯೊಳಗೆ ಒಲೆ ವಾಪಸ್ ಬೇಕಂತೆ."

ಕನ್ನಡಕದಂಗಡಿಯವನ ಮುಖ ಆರಿದ ಚಹಾದ ಮೇಲಿನ ಕೆನೆಯಂತೆ ಸುಕ್ಕುಗಟ್ಟಿತು. ಅವನ ಹೆದರಿಕೆ ಒಲೆಯದ್ದಲ್ಲ, ಭಾವನ ಬಾಯಿಯದು. ಹಿಂದೊಮ್ಮೆ ಭಾವನ ಮಡಚುವ ಕುರ್ಚಿಯಲ್ಲಿ ಇವನು ಕೂತಾಗ ಅದು ಮುರಿದುಬಿದ್ದಿತ್ತು. ಅಂದಿನಿಂದ ನೆಂಟರು ನಾಲ್ಕು ಜನ ಸೇರಿದಲ್ಲೆಲ್ಲ ಭಾವ ಆ ಕತೆ ಹೇಳುತ್ತಿದ್ದ. ಬರಿ ಹೇಳುವುದಲ್ಲ, ಬಿದ್ದು ತೋರಿಸುತ್ತಿದ್ದ. ಕತೆಯಲ್ಲಿ ಕುರ್ಚಿ ವರ್ಷದಿಂದ ವರ್ಷಕ್ಕೆ ಗಟ್ಟಿಯಾಗುತ್ತ, ಬೀಳುವವನು ವರ್ಷದಿಂದ ವರ್ಷಕ್ಕೆ ದಪ್ಪನಾಗುತ್ತ ಹೋಗಿದ್ದ. ಮುಖಪರಿಚಯವೇ ಇಲ್ಲದವರು ಅಂಗಡಿಗೆ ಬಂದು, ಕನ್ನಡಕದ ಮಾತೆತ್ತುವ ಮೊದಲೇ "ಆ ಕುರ್ಚಿಯವರು ನೀವೇನಾ?" ಎಂದು ಕೇಳುತ್ತಿದ್ದರು. ಈಗ ಒಲೆಯ ಕತೆಯೂ ಅದರ ಜೊತೆ ಸೇರಿದರೆ ಊರು ಬಿಡುವುದೊಂದೇ ದಾರಿ.

"ಏನೇ ಆಗ್ಲಿ, ಭಾವನಿಗೆ ಮಾತ್ರ ಗೊತ್ತಾಗಬಾರದು," ಎಂದ.

"ರಿಪೇರಿ ಮಾಡೋರ ಹತ್ರ ಕೊಡಿ."

"ನಾನೇನು ಕೈಕಟ್ಟಿ ಕೂತಿದೀನಾ? ಸಾಸಿವೆಗಿಂತ ಸಣ್ಣ ಸ್ಕ್ರೂ ಬಿಚ್ಚೋ ಕೈ ಇದು!"

ಆ ಮಾತೇನೂ ಸುಳ್ಳಲ್ಲ. ಸೊಳ್ಳೆಗೆ ಕಣ್ಣು ಮಂಜಾದರೆ ಅದಕ್ಕೂ ಕನ್ನಡಕ ಕೂರಿಸಬಲ್ಲ ಕೈ ಅದು. ಅವನು ಅಂಗಡಿಯ ಸಲಕರಣೆಗಳನ್ನೆಲ್ಲ ತಂದು, ಗ್ಯಾಸ್ ಡಬ್ಬಿಯನ್ನು ಕಳಚಿ ಬದಿಗಿಟ್ಟು, ಒಲೆಯನ್ನು ಊಟದ ಮೇಜಿನ ಮೇಲೆ ಮಲಗಿಸಿ ಬಿಚ್ಚತೊಡಗಿದ. ಬಾಗಿಲು ತೆರೆದಿತ್ತು. ಅದೇ ತಪ್ಪಾದದ್ದು.

ಮೊದಲು ಬಂದವರು ಮೇಲ್ಮಹಡಿಯ ಡ್ರಿಲ್ ಮಾಸ್ತರು. ನಿವೃತ್ತರಾಗಿ ಎಷ್ಟೋ ಕಾಲವಾಗಿದ್ದರೂ ಅವರು ಕೆಮ್ಮಿದರೆ ಬೀದಿಯ ನಾಯಿಗಳು ಸಾಲಾಗಿ ನಿಲ್ಲುತ್ತಿದ್ದವು.

"ಏನಯ್ಯಾ ಇದು?"

"ಗ್ಯಾಸ್ ಬರ್ತಿಲ್ಲ ಸಾರ್. ಸಣ್ಣ ತೂತು ಕಟ್ಟಿದೆ ಅನ್ಸುತ್ತೆ."

"ಕಟ್ಟಿದ್ರೆ ಊದಬೇಕು. ಅದಕ್ಕೆ ಇಷ್ಟು ಯೋಚನೆನಾ? ಇರು." ಮಾಸ್ತರು ಹೋಗಿ ಸೈಕಲ್ ಪಂಪ್ ತಂದರು.

ಪಂಪಿನ ಸದ್ದಿಗೆ ಎದುರುಮನೆ ಅಜ್ಜಿ ಬಂದಳು. "ಊದಬೇಡ್ರೋ, ಸೂಜಿ ಹಾಕಿ ತಿರುವಿ. ನಮ್ಮ ಕಾಲದಲ್ಲಿ ಸೀಮೆಎಣ್ಣೆ ಸ್ಟವ್‌ಗೆ ಹಾಗೇ ಮಾಡ್ತಿದ್ವಿ."

"ಅಜ್ಜೀ, ಇದು ಸ್ಟವ್ ಅಲ್ಲ."

"ಮತ್ತೇನು, ಹಾರ್ಮೋನಿಯಮ್ಮಾ?"

ಕನ್ನಡಕದಂಗಡಿಯವನು ಸೂಜಿ ಹಾಕಿ ತಿರುವಿದ. ಅಜ್ಜಿ "ಇನ್ನೂ ಒಳಗೆ" ಎಂದಳು. ಮಾಸ್ತರು "ಒನ್, ಟೂ!" ಎಂದು ಪಂಪ್ ಒತ್ತಿದರು. ಆಗ ಒಲೆಯ ಹೊಟ್ಟೆಯೊಳಗಿಂದ ಏನೋ 'ಪಿಂಗ್' ಎಂದಿತು. ಅಕ್ಕಿಕಾಳಿನಷ್ಟು ಸ್ಪ್ರಿಂಗೊಂದು ಚಿಮ್ಮಿ ಅಜ್ಜಿಯ ತುರುಬನ್ನು ಸವರಿ, ಕಿಟಕಿಯಿಂದ ಹಾರಿ, ಸೂರ್ಯನ ಕಡೆಗೆ ಹೊರಟೇಹೋಯಿತು. ಅದು ಈಗಲೂ ಹೋಗುತ್ತಲೇ ಇರಬೇಕು, ಏಕೆಂದರೆ ಕೆಳಗೆ ಎಷ್ಟು ಹುಡುಕಿದರೂ ಸಿಗಲಿಲ್ಲ.

"ಈಗ ಸರಿಹೋಯ್ತು ನೋಡು," ಎಂದರು ಮಾಸ್ತರು. "ತೊಂದರೆ ಎಲ್ಲಿದೆ ಅಂತ ಗೊತ್ತಾಯ್ತಲ್ಲ."

ಒಲೆ ಹೊತ್ತು ಪೇಟೆಗೆ ಓಡಿದರೆ, ಬೆಟ್ಟ ಹತ್ತುವವರ ಸಾಮಾನು ಮಾರುವ ಅಂಗಡಿಯವನು ಅದನ್ನು ಎರಡು ಬೆರಳಲ್ಲಿ ಎತ್ತಿ, ಸತ್ತ ಹಲ್ಲಿಯನ್ನು ನೋಡುವಂತೆ ನೋಡಿದ. "ಈ ಸ್ಪ್ರಿಂಗ್ ಬಿಡಿಯಾಗಿ ಬರಲ್ಲ. ಒಲೇನೇ ಹೊಸದು ತಗೋಬೇಕು. ಇದೇ ಮಾದರೀದು ಒಂದು ಉಳಿದಿದೆ."

ಕನ್ನಡಕದಂಗಡಿಯವನು ಹೊಸ ಒಲೆ ಕೊಂಡ. ಮನೆಗೆ ಬಂದು ಮೇಜಿನ ಮೇಲಿಟ್ಟಾಗ ಕೋಣೆಗೆಲ್ಲ ಬೆಳಕಾಯಿತು. ಅದರ ಮೈಯಲ್ಲಿ ಮುಖ ನೋಡಿಕೊಂಡು ಗಡ್ಡ ಹೆರೆದುಕೊಳ್ಳಬಹುದಿತ್ತು. ಹಳೆಯದರ ಮೈಯೋ, ಭಾವನ ಕೈಯಲ್ಲೇ ಹೊಗೆ ಹಿಡಿದು, ತರಚಿ, ಒಂದು ಕಾಲು ಸೊಟ್ಟಗಾಗಿತ್ತು.

"ಇದು ಮದುಮಗ, ಅದು ಮುದುಕ," ಎಂದಳು ಅಜ್ಜಿ. "ನಿನ್ನ ಭಾವನಿಗೇನು ಕಣ್ಣಿಲ್ವಾ?"

"ಕಣ್ಣಿದೆ ಅಜ್ಜೀ. ಅವರ ಕನ್ನಡಕ ನಾನೇ ಮಾಡಿಕೊಟ್ಟಿದ್ದು, ಇರುವೆ ಮೀಸೇನೂ ಕಾಣ್ಸುತ್ತೆ ಅವರಿಗೆ," ಎಂದು ಅವನು ತಲೆಯ ಮೇಲೆ ಕೈ ಹೊತ್ತ.

"ಮುದುಕ ಮಾಡೋಕೆ ನಮ್ಮಲ್ಲೇ ಜನ ಇಲ್ವೇನ್ರಿ?" ಎಂದಳು ಹೆಂಡತಿ. "ಕೆಳಗಿನ ಮನೆಯವರನ್ನ ಕರೀರಿ."

ಕೆಳಗಿನ ಮನೆಯವನು ನಾಟಕದವರಿಗೆ ಬಣ್ಣ ಹಚ್ಚುವ ಮೇಕಪ್‌ನವನು. ಹಾಲುಗಲ್ಲದ ಹುಡುಗನನ್ನು ಅರ್ಧ ಗಂಟೆಯಲ್ಲಿ ಹಲ್ಲಿಲ್ಲದ ತಾತ ಮಾಡುತ್ತಿದ್ದ. ಒಮ್ಮೆ ಹಾಗೆ ಮಾಡಿದಾಗ ಹುಡುಗನ ತಾಯಿಯೇ ಮಗನ ಕಾಲಿಗೆ ಬಿದ್ದಿದ್ದಳು ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಪೆಟ್ಟಿಗೆ ಸಮೇತ ಬಂದು, ಒಲೆಯ ಸುತ್ತ ಒಂದು ಸುತ್ತು ಹಾಕಿ ಕೇಳಿದ:

"ಎಷ್ಟು ವಯಸ್ಸಾಗಬೇಕು?"

"ಅದರಷ್ಟೇ. ಹೆಚ್ಚೂ ಬೇಡ, ಕಮ್ಮೀನೂ ಬೇಡ."

"ಸ್ವಭಾವ? ನೊಂದದ್ದಾ, ಸಿಡುಕಿನದ್ದಾ?"

"ಒಲೆ ಕಣೋ ಅದು!" ಎಂದರು ಮಾಸ್ತರು.

"ಸಾರ್, ಒಳಗಿನ ಭಾವ ಹಿಡೀದೆ ನಾನು ಬ್ರಷ್ ಮುಟ್ಟಲ್ಲ."

ಮುಂದಿನದು ಕಟ್ಟಡದ ಚರಿತ್ರೆಯಲ್ಲೇ ಅಪರೂಪದ ಮಧ್ಯಾಹ್ನ. ಮೇಕಪ್‌ನವನು ಹಳೆ ಒಲೆಯನ್ನು ಎದುರಿಗಿಟ್ಟುಕೊಂಡು ಒಂದೊಂದೇ ಕಲೆ ನಕಲು ಮಾಡಿದ. ಅಜ್ಜಿ ತನ್ನ ಬಾಣಲೆಯ ತಳದ ಮಸಿ ಕೆರೆದು ಕೊಟ್ಟಳು. ಮಾಸ್ತರು ಸುತ್ತಿಗೆಗೆ ಬಟ್ಟೆ ಸುತ್ತಿ, ಒಲೆಯ ಕಾಲಿಗೆ "ಅಟೆನ್ಷನ್" ಹೇಳಿ, ಒಂದೇ ಏಟಿಗೆ ಸೊಟ್ಟಗೆ ಮಾಡಿದರು. ಕನ್ನಡಕದಂಗಡಿಯವನು ಭೂತಗನ್ನಡಿ ಹಿಡಿದು ಎರಡನ್ನೂ ಹೋಲಿಸುತ್ತ, "ಬಲಗಡೆ ಇನ್ನೊಂದು ತರಚು" ಎನ್ನುತ್ತಿದ್ದ. ಕೊನೆಗೆ ಎರಡೂ ಒಲೆಗಳು ಅವಳಿಜವಳಿಯಾದವು. ಯಾವುದು ಯಾವುದೆಂದು ತಿಳಿಯದೆ ಹೆಂಡತಿ ಹಚ್ಚಿ ನೋಡಬೇಕಾಯಿತು. ಹೊಸ ಮುದುಕ ಒಂದೇ ಟಕ್‌ಗೆ ನೀಲಿಯಾಗಿ ಉರಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಕಪ್‌ನವನಂತೂ ತನ್ನ ಮಗುವನ್ನು ದೂರದೂರಿಗೆ ಕಳಿಸುವವನಂತೆ ಕಣ್ಣೊರೆಸಿಕೊಂಡ.

ಸಂಜೆ ಗಂಡಹೆಂಡಿರು ಭಾವನ ಮನೆಗೆ ಹೋದಾಗ ನಡುಮನೆಯಲ್ಲಿ ಡೇರೆ, ಹಗ್ಗ, ಚೀಲಗಳು ರಾಶಿ ಬಿದ್ದಿದ್ದವು. ಭಾವನ ಹೆಂಡತಿ ತನ್ನ ವಾಕಿಂಗ್ ಗೆಳತಿಯರ ಜೊತೆ ನಕ್ಷೆ ಬಿಡಿಸಿಕೊಂಡು ಸೇನಾಪತಿಯಂತೆ ಕೂತಿದ್ದಳು. ಭಾವ ಮೂಲೆಯಲ್ಲಿ ಕೂತಿದ್ದವನು ತಂಗಿಯ ಗಂಡನನ್ನು ನೋಡಿದ್ದೇ ಚಂಗನೆ ಎದ್ದ.

"ಬಾ, ಬಾ! ಹೇಳು, ಏನಾಯ್ತು? ಹೆದರಬೇಡ. ಹಾಳಾಯ್ತು ತಾನೇ? ಹೋಗ್ಲಿ ಬಿಡು, ನಾನೇನೂ ಅನ್ನಲ್ಲ."

"ಹಾಳಾಗೋದೇನು ಭಾವ? ಹೇಗೆ ಕೊಟ್ಟಿದ್ರೋ ಹಾಗೇ ಇದೆ." ಕನ್ನಡಕದಂಗಡಿಯವನು ಎದೆಯುಬ್ಬಿಸಿ ಒಲೆಯನ್ನು ಮೇಜಿನ ಮೇಲಿಟ್ಟ.

ಭಾವ ಒಲೆಯನ್ನು ತಿರುಗಿಸಿ ನೋಡಿದ. ಸೊಟ್ಟ ಕಾಲು ಮುಟ್ಟಿದ, ತರಚು ಸವರಿದ, ಸಮಾಧಾನದಿಂದ ನಿಟ್ಟುಸಿರುಬಿಟ್ಟ. "ನನ್ನದೇ," ಎಂದ. "ಹಾಗಾದ್ರೆ ಹಚ್ಚು ನೋಡೋಣ."

ಟಕ್. ನೀಲಿ ಉರಿ ಅರಳಿತು. ಗೆಳತಿಯರು ಹೋ ಎಂದರು. ಭಾವನ ಮುಖ ಮಾತ್ರ ಬಿಳುಚಿಕೊಂಡಿತು. ಅವನು ತಂಗಿಯ ಗಂಡನ ರಟ್ಟೆ ಹಿಡಿದು ಬಚ್ಚಲಮನೆಗೆ ಎಳೆದೊಯ್ದು ಬಾಗಿಲು ಹಾಕಿದ.

"ಅಯ್ಯೋ ಪುಣ್ಯಾತ್ಮ, ಏನು ಮಾಡಿಬಿಟ್ಟೆ? ಆ ಒಲೆ ಹತ್ತದೇ ವರ್ಷ ಆಯ್ತು!"

"ಹಾಂ?"

"ಈ ಬೆಟ್ಟ ಹತ್ತೋದು ನನ್ನಿಂದ ಆಗುತ್ತಾ? ಮಂಡಿ ನೋವು ಅಂದೆ, ಇವಳು ಕೇಳಲಿಲ್ಲ. ಸೊಂಟ ಅಂದೆ, ಕೇಳಲಿಲ್ಲ. ಆಮೇಲೆ ನೀನು ಬಂದು ಒಲೆ ಕೇಳಿದೆ. ದೇವರೇ ಕಳಿಸಿದ ಅಂದ್ಕೊಂಡೆ. ನೀನು ಕೆಡಿಸಿದೆ, ಒಲೆ ಇಲ್ಲ, ಪ್ರಯಾಣ ರದ್ದು ಅಂತ ಹೇಳೋಣ ಅಂದ್ರೆ... ನೀನು ಅದನ್ನ ರಿಪೇರಿ ಮಾಡಿಬಿಟ್ಯಲ್ಲೋ!"

ಕನ್ನಡಕದಂಗಡಿಯವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಿಜ ಹೇಳಿದರೆ ಸ್ಪ್ರಿಂಗು, ಪಂಪು, ಮೇಕಪ್ಪು ಎಲ್ಲ ಭಾವನ ಬಾಯಿಗೆ ಬೀಳುತ್ತದೆ. ಹೇಳದಿದ್ದರೆ ತಾನು ದೊಡ್ಡ ಮೆಕ್ಯಾನಿಕ್ ಆಗುತ್ತಾನೆ. ಎರಡನೆಯದೇ ವಾಸಿ ಎಂದುಕೊಂಡು ಗಂಭೀರವಾಗಿ ತಲೆಯಾಡಿಸಿದ. "ಏನೋ ಭಾವ, ಕೈಗುಣ."

ಬಾಗಿಲಾಚೆಯಿಂದ ಭಾವನ ಹೆಂಡತಿಯ ದನಿ ಬಂತು. "ಕೇಳಿಸ್ತು, ಕೇಳಿಸ್ತು! ಅಷ್ಟು ಕೈಗುಣ ಇರೋರನ್ನ ಬಿಟ್ಟು ಹೋಗೋದುಂಟಾ? ಬೆಟ್ಟದ ಮೇಲೆ ಒಲೆ ಕೈಕೊಟ್ರೆ ನೋಡೋರ್ಯಾರು? ನೀವಿಬ್ರೂ ಬರ್ತೀರಿ. ಒಲೆ, ಡಬ್ಬಿ, ಪಾತ್ರೆ ಎಲ್ಲ ನಿಮ್ಮಿಬ್ಬರ ಬೆನ್ನ ಮೇಲೆ."

"ಅಯ್ಯೋ, ನನ್ನ ಅಂಗಡಿ..."

"ಅಂಗಡಿ ನಾನು ನೋಡ್ಕೋತೀನಿ, ಹೋಗಿಬನ್ನಿ," ಎಂದಳು ಅವನ ಹೆಂಡತಿ, ಅದೂ ಬಾಗಿಲಾಚೆಯಿಂದಲೇ.

ಮರುದಿನ ಬೆಟ್ಟದ ಮೇಲೆ ಗಾಳಿ ಆನೆಯನ್ನು ಕೆಡಹುವಂತೆ ಬೀಸುತ್ತಿತ್ತು. ಬಂಡೆಯ ಮರೆಯಲ್ಲಿ ಭಾವ, ಕನ್ನಡಕದಂಗಡಿಯವನು ಇಬ್ಬರೂ ಮಂಡಿಯೂರಿ, ಕೆನ್ನೆ ಉಬ್ಬಿಸಿಕೊಂಡು ಒಲೆಯನ್ನು ಊದುತ್ತಿದ್ದರು. ಒಮ್ಮೆ ಆರಿಹೋಯಿತೆಂದರೆ, ಕೆಟ್ಟಿತೆಂದು ಹೇಳಿ ಸಂಜೆಯೊಳಗೆ ಮನೆ ಸೇರಬಹುದಿತ್ತು. ಆದರೆ ಅಂಥ ಉತ್ತಮ ಒಲೆಯನ್ನು ಲೋಕದಲ್ಲಿ ಯಾರೂ ಕೊಂಡಿರಲಾರರು. ಊದಿದಷ್ಟೂ ನೆಟ್ಟಗೆ ಉರಿಯುತ್ತಿತ್ತು.

ಚಹಾದ ಲೋಟಗಳನ್ನು ಹಿಡಿದು ಬಂದ ಭಾವನ ಹೆಂಡತಿ ಒಂದು ಗಳಿಗೆ ನಿಂತು ನೋಡಿದಳು.

"ಪಾಪ, ಎಷ್ಟು ಕಷ್ಟಪಟ್ಟು ಉರಿ ಎಬ್ಬಿಸ್ತಿದಾರೆ ನೋಡ್ರೇ," ಎಂದು ಗೆಳತಿಯರನ್ನು ಕೂಗಿ ಕರೆದಳು. "ಮುಂದಿನ ತಿಂಗಳೂ ಇವರಿಬ್ಬರನ್ನೇ ಕರ್ಕೊಂಡು ಬರೋಣ."