ಬಡಿದು ನೋಡಿ ತಂದ ಪಾನಾ

ಅಂಗಡಿಯವನು ಮೋಸ ಮಾಡಿದ ಎಂದು ಹೇಳಿಕೊಳ್ಳುವವರಿಗೆ ಅಯ್ಯೋ ಪಾಪ ಎನ್ನುವ ನಾಲ್ಕು ಜನರಾದರೂ ಸಿಗುತ್ತಾರೆ. ನನಗೆ ಆ ಭಾಗ್ಯವೂ ಇಲ್ಲ. ನನಗೆ ಯಾರೂ ಮೋಸ ಮಾಡಲಿಲ್ಲ. ಅಂಗಡಿಯವರು ಇದ್ದದ್ದನ್ನು ಇದ್ದ ಹಾಗೇ ಹೇಳಿದರು. ನಾನು ಜಾಣೆಯಾದ್ದರಿಂದ ನಂಬಲಿಲ್ಲ.

ನಾಲ್ಕನೇ ಕ್ಲಾಸಿಗೆ ಸಾಲಿ ಬಿಟ್ಟವಳು ನಾನು. ಓದು ಬರಹದಲ್ಲಿ ಕಳೆದುಕೊಂಡದ್ದನ್ನು ಸಂತೆಯಲ್ಲಿ ಗಳಿಸಿಕೊಂಡೆ ಎಂಬ ಹೆಮ್ಮೆ ನನಗಿತ್ತು. ಮಡಕೆಯನ್ನು ಎಡಗೈಯಲ್ಲಿ ಎತ್ತಿ ಹಿಡಿದು ಬಲಗೈ ಬೆರಳ ಗೆಣ್ಣಿನಿಂದ ಬಡಿದರೆ ಅದು ಎಷ್ಟು ಬೇಸಿಗೆ ಬಾಳುತ್ತದೆಂದು ಹೇಳುತ್ತಿದ್ದೆ. ಹಿತ್ತಾಳೆ ಕೊಡ, ಅಲ್ಯೂಮಿನಿಯಂ ಬೋಗುಣಿ, ತೆಂಗಿನಕಾಯಿ, ಏನು ಸಿಕ್ಕರೂ ಬಡಿಯುತ್ತಿದ್ದೆ. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರು ಹೂವು ಹಣ್ಣು ಇಟ್ಟು ತಂದ ತಟ್ಟೆಯನ್ನೂ ಬಡಿದು ನೋಡಿ ಅವ್ವನ ಕೈಯಲ್ಲಿ ತಿವಿಸಿಕೊಂಡಿದ್ದೆ. ತಟ್ಟೆಯೇನೋ ಗಟ್ಟಿಯಿತ್ತು. ಗಂಡನ್ನೂ ಬಡಿದು ನೋಡುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಇನ್ನೊಂದು ಪಾಠ ಅವ್ವ ಕಲಿಸಿದ್ದು. ಮಡಕೆ ಮಾರುವವಳು ಯಾವುದರ ಮೇಲೆ ಆಣೆ ಹಾಕುತ್ತಾಳೋ ಅದನ್ನು ಕೆಳಗಿಟ್ಟು ಪಕ್ಕದ್ದನ್ನು ತೆಗೆದುಕೊಳ್ಳಬೇಕು. ಗಟ್ಟಿ ಮಡಕೆಗೆ ಆಣೆ ಯಾತಕ್ಕೆ ಬೇಕು?

ಅವ್ವ ತೀರಿಕೊಂಡ ಮೇಲೆ ನನ್ನ ತಮ್ಮ ವೀರೇಶನಿಗೆ ಬೇಕಾದದ್ದನ್ನೆಲ್ಲ ಆರಿಸುವ ಅಧಿಕಾರ ನನಗೆ ಬಂತು. ಅವನ ಅಂಗಿ, ಚಪ್ಪಲಿ, ಕೊನೆಗೆ ಅವನ ಕ್ಷೌರದವನನ್ನೂ ನಾನೇ ಆರಿಸಿದೆ. ಒಂದು ಸಲ ಚಪ್ಪಲಿ ಒಂದು ಬೆರಳಷ್ಟು ಸಣ್ಣದಾಗಿತ್ತು. ಅದನ್ನೇ ಮೆಟ್ಟಿಕೊಂಡು ವರ್ಷವೆಲ್ಲ ಕುಂಟುತ್ತ ಸಾಲಿಗೆ ಹೋದ. ಕೇಳಿದರೆ, "ಛಲೋ ಅದಾವಕ್ಕಾ" ಎನ್ನುತ್ತಿದ್ದ. ಅದನ್ನು ನೆನೆದರೆ ಈಗಲೂ ನನ್ನ ಹಿಮ್ಮಡಿ ನೋಯುತ್ತದೆ. ಆದರೂ ಆರಿಸುವುದನ್ನು ಬಿಡಲಿಲ್ಲ.

ನಮ್ಮ ಕಡೆ ಓಣಿ ಓಣಿಗೆ ಬೋರಿಂಗು ಬರುತ್ತಿದ್ದ ಕಾಲ ಅದು. ವೀರೇಶ ಸಿರುಗುಪ್ಪದಲ್ಲಿ ಒಬ್ಬ ಮೇಸ್ತ್ರಿಯ ಹತ್ತಿರ ಕೈಪಂಪು ರಿಪೇರಿ ಕಲಿತು, ಕುರುಗೋಡಿನಲ್ಲಿ ಸ್ವಂತ ಕೆಲಸಕ್ಕೆ ಇಳಿದಿದ್ದ. ಮೊದಲ ಕೆಲಸ ಅವನ ಓಣಿಯದೇ ಬೋರಿಂಗು. ಅವನ ಹತ್ತಿರ ಪೈಪು ಕಚ್ಚಿ ತಿರುವುವ ಪಾನಾ ಒಂದೇ ಇತ್ತು, ಬೇಕಾದದ್ದು ಎರಡು. ಬೋರಿನೊಳಗಿನ ಪೈಪುಗಳನ್ನು ಒಂದೊಂದಾಗಿ ಮೇಲೆತ್ತಿ ಬಿಚ್ಚಬೇಕು. ಒಂದು ಪಾನಾ ಕೆಳಗಿನ ಪೈಪಿನ ಕುತ್ತಿಗೆಯನ್ನು ಕಚ್ಚಿಕೊಂಡು ಬೋರಿನ ಬಾಯಿಯ ಮೇಲೆ ಅಡ್ಡ ಕೂತಿರಬೇಕು, ಇನ್ನೊಂದರಿಂದ ಮೇಲಿನ ಪೈಪನ್ನು ತಿರುವಬೇಕು. ಕೂತ ಪಾನಾ ಬಾಯಿ ಬಿಟ್ಟರೆ ಪೈಪುಗಳೆಲ್ಲ ಪಾತಾಳಕ್ಕೆ. ಬೋರಿಂಗು ಸತ್ತ ಹಾಗೆ, ಓಣಿಯ ಹೆಂಗಸರು ಮತ್ತೆ ಊರಾಚೆಯ ಬಾವಿಗೆ, ಹೊಸ ಮೇಸ್ತ್ರಿ ಮತ್ತೆ ಮನೆಗೆ. ಇದನ್ನೆಲ್ಲ ಅವನು ನಮ್ಮ ಮನೆಗೆ ಬಂದು ಎರಡು ಸೌಟುಗಳನ್ನು ಹಿಡಿದು ತೋರಿಸಿ ಹೇಳಿದ. "ಹಳೇದು ನಡೀತೈತಿ. ಹಲ್ಲು ಮಾತ್ರ ಚೂಪ್ ಇರಬೇಕಕ್ಕಾ" ಎಂದೂ ಹೇಳಿದ್ದನಂತೆ. ಆ ಹೊತ್ತಿಗೆ ನಾನು ಸೌಟಿನ ಡೊಂಕನ್ನು ನೋಡುತ್ತಿದ್ದೆ.

ಸತ್ಯನಾರಾಯಣಪೇಟೆಯ ನಮ್ಮ ಮನೆಯಿಂದ ಗುಜರಿ ಅಂಗಡಿಗಳ ಸಾಲು ದೂರವಿರಲಿಲ್ಲ. ಅಲ್ಲಿ ಹುಸೇನ್ ಸಾಬರದು ದೊಡ್ಡ ಅಂಗಡಿ. ಅವರು ಎರಡು ಪಾನಾ ಮುಂದಿಟ್ಟರು. ಒಂದು ತುಕ್ಕು ಹಿಡಿದು ಕೆಂಪಾಗಿತ್ತು. ಅದರ ಬಾಯಲ್ಲಿ ಬೆರಳಿಟ್ಟರೆ ಚುಚ್ಚಿ ರಕ್ತ ಬಂತು. ಇನ್ನೊಂದು ಎಣ್ಣೆ ತಿಂದು ಫಳಫಳ ಹೊಳೆಯುತ್ತಿತ್ತು, ಬಾಯಿ ಕೂಸಿನ ವಸಡಿನಷ್ಟು ನುಣುಪು. ಎಷ್ಟು ಒಳ್ಳೆಯವರ ಮನೆಯಲ್ಲಿ ಬಾಳಿದೆಯೋ ಎಂದುಕೊಂಡೆ. ನನ್ನ ತಮ್ಮನ ಕೈಗೆ ಗಾಯವಾಗುವುದಿಲ್ಲ ಎಂದೂ ಅಂದುಕೊಂಡೆ.

"ಅಕ್ಕಾ, ಆ ತುಕ್ಕಿಂದು ತಗೋರಿ. ಅದಕ್ಕ ಗ್ಯಾರಂಟಿ ಕೊಡ್ತೀನಿ" ಎಂದರು ಸಾಬರು.

"ಎಷ್ಟು ದಿನದ ಗ್ಯಾರಂಟಿ?"

"ನಾ ಇರೋತನಕ!" ಎಂದವರೇ ಕೆಮ್ಮತೊಡಗಿದರು. ಕೆಮ್ಮು ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ಗ್ಯಾರಂಟಿ ನನ್ನ ಕಣ್ಣೆದುರೇ ಮುಗಿದು ಹೋಗುತ್ತದೇನೋ ಎಂದು ಗಾಬರಿಯಾಯಿತು.

"ಹೊಳೆಯೋದಕ್ಕ?"

"ಅದಕ್ಕ ಇಲ್ರಿ ಅಕ್ಕಾ. ಖುದಾನಾಣೆ ಹೇಳ್ತೀನಿ, ತುಕ್ಕಿಂದ ಒಯ್ಯಿರಿ."

ಆಣೆ ಹಾಕಿದರಲ್ಲ! ಮಾರದೆ ಉಳಿದ ತುಕ್ಕನ್ನು ಹೆಂಗಸಿನ ತಲೆಗೆ ಕಟ್ಟುತ್ತಿದ್ದಾರೆ ಎಂದು ಅಲ್ಲೇ ತೀರ್ಮಾನಿಸಿದೆ. ಎರಡನ್ನೂ ಎತ್ತಿ ಬಡಿದೆ. ತುಕ್ಕಿನದು ದಬ್ ಎಂದಿತು, ನುಣುಪಿನದು ಗುಡಿಯ ಗಂಟೆಯಂತೆ ಟಣ್ ಎಂದಿತು. ಸಾಬರು ನನ್ನ ಮುಖವನ್ನೊಮ್ಮೆ, ಪಾನಾವನ್ನೊಮ್ಮೆ ನೋಡಿ, "ಪೈಪ್ ಹಿಡಿಯೋದಕ್ಕ ಒಯ್ತೀರೋ, ಭಜನಿಗೆ ಒಯ್ತೀರೋ?" ಎಂದು ಕೇಳಿದರು. ನಾನು ದುಡ್ಡು ಎಣಿಸಿ ಕೊಟ್ಟು, ನುಣುಪಿನದನ್ನು ಹೊತ್ತು ಗೆದ್ದವಳ ಹಾಗೆ ನಡೆದುಬಂದೆ. ಪರಿಚಯದ ಕಂಡಕ್ಟರನ ಕೈಯಲ್ಲಿ ಅದನ್ನು ಕುರುಗೋಡಿಗೆ ಕಳಿಸಿ, ಗ್ಯಾರಂಟಿ ಮಾಲು ಎಂದು ಹೇಳಿಯೂ ಕಳಿಸಿದೆ. ಸಾಬರು ಕೊಡದ ಗ್ಯಾರಂಟಿಯನ್ನು ನಾನು ಕೊಟ್ಟೆ.

ಮರುದಿನ ಬೆಳಿಗ್ಗೆ ಓಣಿಯಲ್ಲಿ, "ಕಲ್ಲಿಗೆ ಮುಳ್ಳು ಹಾಕಿಸ್ರೀ" ಎಂಬ ಕೂಗು ಕೇಳಿತು. ನಮ್ಮ ಬೀಸುವ ಕಲ್ಲು ಸವೆದು ಜೋಳ ನುಚ್ಚಾಗಿಯೇ ಬರುತ್ತಿತ್ತು. ಆ ಹೆಂಗಸನ್ನು ಕರೆದು ಕೂರಿಸಿದೆ. ಅವಳು ಕಲ್ಲಿನ ಮೇಲೆ ಕೈಯಾಡಿಸಿ ನಕ್ಕಳು.

"ಏನವ್ವಾ, ಗಲ್ಲ ಸವರಿದಂಗ ಐತಲ್ಲ! ಇಷ್ಟು ನುಣ್ಣಗಾದದ್ದು ಏನು ಹಿಡದೀತು, ಜಾರಿ ಹೋಗ್ತೈತಿ" ಎಂದು ಉಳಿ ಇಟ್ಟು ಕಲ್ಲು ತರಿತರಿಯಾಗುವಂತೆ ಟಕ್ ಟಕ್ ಎಂದು ಹೊಡೆಯತೊಡಗಿದಳು.

ಆ ಒಂದೊಂದು ಏಟೂ ನನ್ನ ತಲೆಗೇ ಬಿತ್ತು. ನುಣ್ಣಗಾದದ್ದು ಹಿಡಿಯುವುದಿಲ್ಲ! ಇಷ್ಟು ವರ್ಷ ಕಲ್ಲು ಬೀಸಿದವಳಿಗೆ, ವರ್ಷ ವರ್ಷ ಮುಳ್ಳು ಹಾಕಿಸಿದವಳಿಗೆ ಅದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಅಡುಗೆಮನೆಯಲ್ಲಿ ಗೊತ್ತಿದ್ದದ್ದು ಗುಜರಿ ಅಂಗಡಿಯಲ್ಲಿ ನೆನಪಾಗಲಿಲ್ಲ. ವೀರೇಶ ಪೈಪು ಎತ್ತುವುದು ಆ ದಿನವೇ. ಅವಳಿಗೆ ಕಲ್ಲನ್ನೂ ಮನೆಯನ್ನೂ ಒಪ್ಪಿಸಿ, ಹಿಟ್ಟು ಮೆತ್ತಿದ ಸೀರೆಯಲ್ಲೇ ಬಸ್ ಸ್ಟ್ಯಾಂಡಿಗೆ ಓಡಿದೆ.

ಆ ಬಸ್ಸು ನಿಂತಷ್ಟು ಕಡೆ ಯಾವ ಬಸ್ಸೂ ನಿಂತಿರಲಿಕ್ಕಿಲ್ಲ. ಒಬ್ಬ ಮುದುಕಪ್ಪ ಮೇಕೆ ಹತ್ತಿಸಬೇಕೆಂದು ಹಟ ಹಿಡಿದ. ಡ್ರೈವರ್ ಇಳಿದು ಬೀಡಿ ಹಚ್ಚಿದ. ಪ್ರತಿ ಗುಂಡಿಗೂ ಬಸ್ಸು ಧಡ್ ಎಂದಾಗ ನನಗೆ ಪೈಪು ಬೋರಿನೊಳಗೆ ಬಿದ್ದ ಸದ್ದೇ ಕೇಳಿಸುತ್ತಿತ್ತು. ಪಕ್ಕದವಳು, "ಯಾರಿಗರ ಹುಷಾರಿಲ್ಲೇನ್ರೀ?" ಎಂದು ಕೇಳಿದಳು. "ನಮ್ಮ ತಮ್ಮಗ" ಎಂದೆ. "ಏನಾಗೈತಿ?" ಎಂದಳು. "ಅಕ್ಕ ಅದಾಳ" ಎಂದು ಹೇಳುವುದು ಹೇಗೆ?

ಓಣಿ ಮುಟ್ಟಿದಾಗ ಬೋರಿಂಗಿನ ಸುತ್ತ ಜಾತ್ರೆಯಷ್ಟು ಜನ. ಖಾಲಿ ಕೊಡಗಳ ಸಾಲು. ಒಂದು ಪೈಪು ಆಗಲೇ ಬಿಚ್ಚಿ ಪಕ್ಕಕ್ಕೆ ಮಲಗಿಸಿದ್ದರು. ಉಳಿದವೆಲ್ಲ ಬೋರಿನೊಳಗೆ ನೇತಾಡುತ್ತಿದ್ದವು, ಅವುಗಳ ಕುತ್ತಿಗೆ ಹಿಡಿದು ಕೂತಿದ್ದದ್ದು ನನ್ನ ಫಳಫಳ ಪಾನಾ. ತನ್ನ ಹಳೆಯದನ್ನು ವೀರೇಶ ಮೇಲೆ ತಿರುವಲು ಇಟ್ಟುಕೊಂಡಿದ್ದ. ಮರ್ಯಾದೆಯ ಜಾಗವನ್ನು ಅಕ್ಕನ ಪಾನಾಕ್ಕೆ ಬಿಟ್ಟುಕೊಟ್ಟಿದ್ದ.

"ಬಾ ಅಕ್ಕಾ, ಬಾ! ಬಸಜ್ಜಾ, ಈಕಿನ ನೋಡು ಪಾನಾ ಕಳಿಸಿದಾಕಿ. ಗ್ಯಾರಂಟಿ ಮಾಲು!" ಎಂದು ಕೂಗಿದ.

ಓಣಿಯ ಹಿರಿಯ ಬಸಜ್ಜ ಕಟ್ಟೆಯ ಮೇಲಿಂದ, "ಅಕ್ಕ ಅಂದ್ರ ಹಿಂಗಿರಬೇಕು ನೋಡ್ರಿ. ಸುದ್ದಿ ತಗೊಳ್ಳಾಕ ಖುದ್ದ ಬಂದಾಳ" ಎಂದ. ಹೆಂಗಸರೆಲ್ಲ ತಿರುಗಿ ನೋಡಿದರು. ಒಬ್ಬಳು ಕೂರಲು ಮಣೆ ತಂದಳು.

ಹೇಳಬೇಕಾದದ್ದು ಆಗಲೇ. ಬಾಯಿ ತೆರೆದೆ. ತೆರೆದ ಬಾಯಿಂದ, "ಬಿಸಿಲು ಭಾಳ ಐತಲ್ರೀ" ಎಂಬ ಮಾತು ಬಂತು! ಮಣೆಯ ಮೇಲೆ ಕೂತೆ. ಇಷ್ಟು ಹೊತ್ತು ಹಿಡಿದಿದೆಯಲ್ಲ, ಇನ್ನಷ್ಟು ಹೊತ್ತು ಹಿಡಿಯಲಿ ಎಂದು ಗೊತ್ತಿದ್ದ ದೇವರಿಗೆಲ್ಲ ಕಾಯಿ ಹೇಳಿಕೊಂಡೆ. ಜನರು ಹೊಗಳಿದಷ್ಟೂ ನಾನು ಮಣೆಯ ಮೇಲೆ ಇನ್ನಷ್ಟು ಗಟ್ಟಿಯಾಗಿ ಕೂತೆ. ವೀರೇಶ ಕೈಗೆ ಉಗುಳಿಕೊಂಡು ಮೇಲಿನ ಪೈಪಿಗೆ ಪಾನಾ ಹಾಕಿ ತಿರುವಿದ.

ಕರ್ ಎಂದಿತು. ತುಂಬ ಸಣ್ಣ ಸದ್ದು. ಉಳಿದವರಿಗೆ ಕೇಳಿತೋ ಇಲ್ಲವೋ, ನನ್ನದು ಮಡಕೆಯ ಬಿರುಕನ್ನು ಕೇಳಿಸಿಕೊಳ್ಳುವ ಕಿವಿ. ಪೈಪು ಎಳ್ಳಷ್ಟು ಕೆಳಗಿಳಿದಿತ್ತು. ಮತ್ತೆ ಕರ್ ಎಂದಿತು.

"ವೀರೇಶಾ, ಬಿಡಲೇ! ತಿರುವಬ್ಯಾಡ! ಅದಕ್ಕ ಹಲ್ಲಿಲ್ಲೋ! ಸಾಬರು ಬ್ಯಾಡ ಅಂದ್ರೂ ನಾನ ತಂದೆ! ನಿನ್ನ ಹಳೇದ ಕೆಳಗ ಹಾಕೋ!"

ಕೂಗಿದ್ದು ನಾನೇ. ಮಣೆ ಉರುಳಿತು. ಪೈಪು ಗೇಣುದ್ದ ಸರ್ರನೆ ಜಾರಿತು. ನಾಲ್ಕು ಜನ ಮೇಲಿನ ಪೈಪನ್ನು ತಬ್ಬಿಕೊಂಡರು, ನಾನೂ ಯಾರದೋ ಸೊಂಟವನ್ನು ತಬ್ಬಿಕೊಂಡೆ. ವೀರೇಶ ಮೊಣಕಾಲೂರಿ ತನ್ನ ಹಳೆಯ ಪಾನಾವನ್ನು ಕೆಳಗೆ ಕಚ್ಚಿಸಿದ. ಅದು ಕಚ್ಚಿತು, ನಿಂತಿತು. ಆಮೇಲೆ ತಿಳಿಯಿತು, ನಾನು ತಬ್ಬಿದ್ದು ಕಟ್ಟೆಯಿಂದ ಇಳಿದು ಓಡಿ ಬಂದಿದ್ದ ಬಸಜ್ಜನನ್ನು.

ಬಸಜ್ಜ ರುಮಾಲು ಸರಿಮಾಡಿಕೊಂಡು, "ಅಲ್ಲಲೇ ವೀರೇಶಾ, ಗ್ಯಾರಂಟಿ ಮಾಲು ಅಂದಿದ್ದಿಯಲ್ಲ?" ಎಂದ.

ವೀರೇಶ ಬೆವರು ಒರೆಸಿಕೊಂಡ. ಬೈದಿದ್ದರೆ ಚೆನ್ನಾಗಿತ್ತು. "ಹೌದ ಮತ್ತ. ಮಾಲು ಕೈ ಕೊಟ್ರ ಹಿಟ್ಟಿನ ಸೀರ್‍ಯಾಗ ಬಸ್ ಹತ್ತಿ ಓಡಿ ಬರ್ತೈತಲ್ಲ, ಇನ್ನೆಂಥಾ ಗ್ಯಾರಂಟಿ ಬೇಕು?" ಎಂದ. ಎಲ್ಲರೂ ನಕ್ಕರು. ನನಗೆ ಅವನ ಹಳೆಯ ಚಪ್ಪಲಿ ನೆನಪಾಯಿತು. ಅವನು ನನ್ನ ಪಾನಾದ ಬಾಯಿಗೆ ಗೋಣಿತಟ್ಟು ಸುತ್ತಿ, ಮೇಲಿನ ಪೈಪನ್ನು ಅದರಿಂದಲೇ ಒಂದೊಂದು ಬೆರಳಷ್ಟು ತಿರುವಿ, ಮಧ್ಯಾಹ್ನಕ್ಕೆ ಮುಗಿಯಬೇಕಿದ್ದ ಕೆಲಸವನ್ನು ದೀಪ ಹಚ್ಚುವ ಹೊತ್ತಿಗೆ ಮುಗಿಸಿದ. ನೀರು ಬಂದಾಗ ಮೊದಲ ಕೊಡ ಹಿಡಿಯಲು ನನ್ನನ್ನೇ ಕರೆದರು. ಕೊಡವನ್ನು ಬಡಿದು ನೋಡದೆ ಹಿಡಿದೆ.

ನನ್ನ ನುಣುಪಿನ ಪಾನಾವನ್ನು ಹೊತ್ತುಕೊಂಡು ಊರಿಗೆ ಮರಳಿದವಳೇ ಹುಸೇನ್ ಸಾಬರ ಅಂಗಡಿಗೆ ಹೋದೆ. ತುಕ್ಕಿನ ಪಾನಾ ಅಲ್ಲೇ ಇತ್ತು. ಸಾಬರು ಏನೂ ಕೇಳದೆ ಅದನ್ನು ಮುಂದಿಟ್ಟರು. ಏನಾದರೂ ಕೇಳಿದ್ದರೆ ಜಗಳವನ್ನಾದರೂ ಆಡಬಹುದಿತ್ತು. "ಗ್ಯಾರಂಟಿ?" ಎಂದೆ, ಈ ಸಲ ಮೆತ್ತಗೆ.

"ಹೇಳೀನಲ್ರಿ ಅಕ್ಕಾ, ನಾ ಇರೋತನಕ" ಎಂದು ಮತ್ತೆ ಕೆಮ್ಮಿದರು.

ತುಕ್ಕಿನದನ್ನು ಕೊಂಡು ತಮ್ಮನಿಗೆ ಕಳಿಸಿದೆ, ಆದರೆ ಆ ಕೆಮ್ಮನ್ನು ಹಾಗೇ ಬಿಡುವ ಧೈರ್ಯ ನನಗಾಗಲಿಲ್ಲ. ಅಂದಿನಿಂದ ಆಗಾಗ ಅವರ ಅಂಗಡಿಗೆ ನಮ್ಮ ಮನೆಯಿಂದ ಶುಂಠಿ ಕಷಾಯ ಹೋಗುತ್ತದೆ. ಈಕೆ ಎಷ್ಟು ಒಳ್ಳೆಯ ಮನಸ್ಸಿನವಳು ಎಂದು ಅಲ್ಲಿಯೂ ನಾಲ್ಕು ಜನ ಆಡಿಕೊಳ್ಳುತ್ತಾರಂತೆ. ಅಲ್ಲ ಎಂದು ನಾನು ಇನ್ನೂ ಯಾರಿಗೂ ಹೇಳಿಲ್ಲ. ಶುಂಠಿ ಜಜ್ಜಲು ಮಾತ್ರ ಆ ನುಣ್ಣನೆಯ ಪಾನಾದಷ್ಟು ಒಳ್ಳೆಯ ವಸ್ತು ಬೇರೆಯಿಲ್ಲ. ಜಜ್ಜಿದಾಗಲೆಲ್ಲ ಟಣ್ ಎನ್ನುತ್ತದೆ.